ಅಜ್ಜಿ ಮತ್ತು ಇನ್ನೂರೈವತ್ತು ಮೊಮ್ಮಕ್ಕಳು

ಮಾರ್ಚ್ 4, ಮಂಗಳವಾರ

ಸ್ವಸ್ತಿ ಶ್ರೀ ಸಮಸ್ತ ಭುವನಾಶ್ರಯ, ರೂಲುಗೆರೆವಲ್ಲಭ, ನೂರ ತೊಂಬತ್ತೆರಡು ಪುಟಾಧೀಶ್ವರ, ಎಡಮೂಲೆಯಲ್ಲಿ ಚಹಾದ ಕಲೆಯನ್ನೇ ಲಾಂಛನವಾಗಿ ಧರಿಸಿದ ನೋಟ್‌ಬುಕ್ ಮಹಾಪ್ರಭುಗಳ ಸನ್ನಿಧಾನಕ್ಕೆ, ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಸಜ್ಜಾಗುತ್ತಿರುವ ದಾಸಿಯ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಈ ಮನೆಯಲ್ಲಿ ಬುದ್ಧಿ ಇರುವವಳು ನಾನೊಬ್ಬಳೇ, ಕ್ಷೇಮವಾಗಿದ್ದೇನೆ. ಮಿಕ್ಕವರ ಸ್ಥಿತಿಯನ್ನು ಕೆಳಗೆ ಬಿನ್ನವಿಸಿಕೊಂಡಿದ್ದೇನೆ.

ಬೆಳಿಗ್ಗೆ ಎಂದಿನಂತೆ ಮೊಟ್ಟೆಗಳಿಗೆ ಮೀಸೆ ಬರೆದೆ. ಫ್ರಿಜ್ ತೆಗೆದ ಅಮ್ಮ ಬೆಚ್ಚಲಿಲ್ಲ. ಹತ್ತು ವರ್ಷದ ಅಭ್ಯಾಸ. ಕಪ್ಪು ಸ್ಕೆಚ್ ಪೆನ್, ಎರಡು ಗೀಟು, ತುದಿಗೆ ಒಂದೊಂದು ಸುರುಳಿ — ಕ್ಯಾಲೆಂಡರಿನ ಮಗು, ಟೂತ್‌ಪೇಸ್ಟ್ ಟ್ಯೂಬು, ಸತ್ತ ತಾತನ ಫೋಟೋ, ಯಾರನ್ನೂ ಬಿಟ್ಟಿಲ್ಲ.

ಎಂಟಕ್ಕೆ ಸುತ್ತೋಲೆ ಬಂದರು. ಅಮ್ಮನ ಅಣ್ಣ, ನಮ್ಮ ಸೋದರಮಾವ. ಇಪ್ಪತ್ತೆರಡು ವರ್ಷದಿಂದ ಶೂಟಿಂಗ್ ರೇಂಜಿನ ಕಾರ್ಯದರ್ಶಿ. ಅಲ್ಲಿ ಬಾಗಿಲು ಹೇಗೆ ಮುಚ್ಚಬೇಕು ಎಂದೂ ಒಂದು ಸುತ್ತೋಲೆ ಅಂಟಿಸಿದ್ದಾರೆ. ಅದನ್ನು ಹೇಗೆ ಓದಬೇಕು ಎಂದು ಇನ್ನೊಂದು. ಅಕ್ಕನಿಗೆ ಪಿಸ್ತೂಲು ಹಿಡಿಯಲು ಕಲಿಸಿದವರು ಅವರೇ. ಹದಿನೈದನೇ ತಾರೀಖು ಅಕ್ಕನ ಆಯ್ಕೆ ಪರೀಕ್ಷೆ, ದೂರದ ಊರಲ್ಲಿ. ನಾಲ್ಕು ಜನರನ್ನು ಆರಿಸುತ್ತಾರೆ. ಹೋದೆರಡು ಸಲವೂ ಇವಳು ಐದನೆಯವಳು. ಈ ಸಲವೂ ಹಾಗಾದರೆ ಪಿಸ್ತೂಲು ಮಾರಿಬಿಡುತ್ತೇನೆ ಎಂದಿದ್ದಾಳೆ. ಅವಳು ತಮಾಷೆ ಮಾಡುವವಳಲ್ಲ. ಆ ಇಲಾಖೆ ನನ್ನದು.

ಮೊದಲ ಸಲ ವಿಮಾನದಲ್ಲಿ ಪಿಸ್ತೂಲು ಒಯ್ಯಬೇಕು. ಮಾವನ ಕೈಯಲ್ಲಿ ನಲವತ್ತೊಂದು ಪುಟದ ನಿಯಮಗಳ ಪ್ರಿಂಟೌಟ್. ಮೂರು ಬಣ್ಣದಲ್ಲಿ ಗೆರೆ ಎಳೆದಿದ್ದಾರೆ. ಸಾರಾಂಶ ಮೂರು ಸಾಲು: ಪಿಸ್ತೂಲು ಖಾಲಿ ಇರಬೇಕು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಲಗೇಜಿಗೆ ಹೋಗಬೇಕು. ಗುಂಡುಗಳು ಬೇರೆ ಡಬ್ಬಿಯಲ್ಲಿ, ಅವೂ ಲಗೇಜಿಗೆ. ಕೌಂಟರ್‌ನಲ್ಲಿ ಬಾಯಿಬಿಟ್ಟು ಹೇಳಬೇಕು.

ಈ ಮೂರನೆಯದೇ ಮಾವನಿಗೆ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿದೆ.

"ಅಷ್ಟು ಜನರ ಮಧ್ಯೆ ಪಿಸ್ತೂಲು ಅಂದ್ರೆ ಏನಾಗುತ್ತೆ ಗೊತ್ತಾ? ಗುಂಡು ಅನ್ನೋ ಹಾಗೇ ಇಲ್ಲ. ಹಿಂದೆ ನಿಂತಿರೋನು ಕೇಳಿಸ್ಕೊಂಡ್ರೆ ಗಾಬರಿ ಬೀಳ್ತಾನೆ."

"ಗುಂಡು ಅಂದ್ರೆ ಅವನು ತನಗೂ ಒಂದು ಪೆಗ್ ಕೇಳ್ತಾನೆ ಮಾವ."

"ಚೇಷ್ಟೆ, ಸುಮ್ನಿರು."

ಚೇಷ್ಟೆ ಅಂದರೆ ನಾನು. ಇಪ್ಪತ್ತು ವರ್ಷ ತುಂಬಿದರೂ ಬಡ್ತಿ ಸಿಕ್ಕಿಲ್ಲ.

ಅರವತ್ತು ವರ್ಷದ ಗಂಡಸು. ಒಂದು ಪದ ಉಚ್ಚರಿಸಲು ಹೆದರಿಕೆ. ಗುಪ್ತ ಭಾಷೆ ಬೇಕಂತೆ. ನಾನು ಕೈಮುಗಿದು, ಗಂಭೀರವದನಳಾಗಿ ಸಲಹೆ ಕೊಟ್ಟೆ — ಪಿಸ್ತೂಲಿಗೆ ಅಜ್ಜಿ ಅನ್ನೋಣ, ಗುಂಡುಗಳಿಗೆ ಮೊಮ್ಮಕ್ಕಳು.

ಮಾವ ಯೋಚಿಸಿದರು. ಬರೆದುಕೊಂಡರು.

ಮಾರ್ಚ್ 8, ಶನಿವಾರ

ರಿಹರ್ಸಲ್. ಊಟದ ಮೇಜೇ ಕೌಂಟರ್. ನಾನು ಗುಮಾಸ್ತೆ, ಕತ್ತಿಗೆ ಅಮ್ಮನ ಸ್ಕಾರ್ಫ್.

"ಅಜ್ಜಿ ಹೊಟ್ಟೆ ಖಾಲಿ ಇದೆಯಾ?"

"ಖಾಲಿ ಇದೆ. ನಾನೇ ಎರಡು ಸಲ ನೋಡಿದೀನಿ."

"ಮೊಮ್ಮಕ್ಕಳು ಅಜ್ಜಿ ಜೊತೆಗಿದಾರಾ?"

"ಇಲ್ಲಮ್ಮ. ಬೇರೆ ಡಬ್ಬಿ. ಐವತ್ತೈವತ್ತು ಜನದ ಐದು ಗುಂಪು."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಈ ಮನುಷ್ಯನನ್ನು ಗೇಲಿ ಮಾಡುವುದೂ ಒಂದು ದಂಡ. ಗೋಡೆಗೆ ಕಚಗುಳಿ ಇಟ್ಟ ಹಾಗೆ. ಅಕ್ಕ ಮಾತ್ರ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಭುಜ ಕುಲುಕುತ್ತಿತ್ತು.

ಆಮೇಲೆ ಜೆರಾಕ್ಸ್ ಪರ್ವ. ಲೈಸೆನ್ಸು, ಸ್ಪರ್ಧೆಯ ಪತ್ರ, ಎಲ್ಲಕ್ಕೂ ಮೂರು ಸೆಟ್. ಮೂಲಪ್ರತಿ ಮತ್ತು ಮೊದಲ ಸೆಟ್ ಮಾವನ ಬ್ಯಾಗಲ್ಲಿ, ಎರಡನೆಯದು ಲಗೇಜಲ್ಲಿ, ಮೂರನೆಯದು ನನ್ನ ಬೆನ್ನಿಗೆ.

"ಮೂರನೇದು ಯಾಕೆ ಮಾವ?"

"ಎರಡನೇದು ಕಳೆದ್ರೆ?"

ಇದು ಕಾಯಿಲೆ. ಕತ್ತಿನ ದಾರದಲ್ಲಿ ಒಂದು ಕನ್ನಡಕ ಜೋತಾಡುತ್ತಿರುತ್ತದೆ, ಆದರೂ ಬ್ಯಾಗಲ್ಲಿ ಇನ್ನೊಂದು ಡಬ್ಬಿ. ಬಹುಶಃ ಮಾವನ ಮನೆಯಲ್ಲಿ ಇನ್ನೊಬ್ಬ ಮಾವನೂ ಇದ್ದಾನೆ.

ಸೇಡು ತೀರಿಸಿಕೊಂಡೆ. ಮೂರನೆಯ ಸೆಟ್ಟಿನ ಲೈಸೆನ್ಸ್ ಪ್ರತಿಯಲ್ಲಿ ಅಕ್ಕನ ಫೋಟೋಗೆ ಮೀಸೆ. ಭವ್ಯವಾಗಿ ಬಂತು. ಮಾವ ಎಲ್ಲ ಹಾಳೆಗಳನ್ನೂ ಒಮ್ಮೆ ತಿರುವಿ, ಅಂಚಿನಲ್ಲಿ ಏನೋ ಗೀಚಿ, ಮೊಹರು ಒತ್ತಿ, ಕವರಿಗೆ ಹಾಕಿ ಕೊಟ್ಟರು. ನೋಡಲೇ ಇಲ್ಲ. ಗಮನ ಎಂಬುದರ ಬಗ್ಗೆಯೂ ಇವರದೊಂದು ಸುತ್ತೋಲೆ ಇದೆ.

ಮಾರ್ಚ್ 12, ಬುಧವಾರ

ಪ್ಯಾಕಿಂಗ್ ನಮ್ಮ ಮನೆಯಲ್ಲೇ. ಮಾವ ಗುಂಡು ಎಣಿಸಿದರು, ಮತ್ತೆ ಎಣಿಸಿದರು, 250 ಎಂದು ಫಾರಂ ತುಂಬಿದರು. ನಂತರ ಟೇಪು ಹುಡುಕಿಕೊಂಡು ಅಡುಗೆಮನೆಗೆ ಹೋದರು.

ಆ ಎರಡು ನಿಮಿಷದಲ್ಲಿ ಒಂದು ಮಹತ್ಕಾರ್ಯ ನೆರವೇರಿತು. ಕಡೇ ಮೊಮ್ಮಗ ಮೀಸೆ ಬಿಟ್ಟುಕೊಂಡು ಮಾವನ ಕನ್ನಡಕದ ಡಬ್ಬಿಯಲ್ಲಿ ಮಲಗಿದ್ದಾನೆ. ನಾಳೆ ಪೇಪರ್ ಓದಲು ಡಬ್ಬಿ ತೆಗೆಯುತ್ತಾರೆ. ಆ ಮುಖ ನೋಡಲು ಏಳಕ್ಕೆಲ್ಲ ಹೋಗಿ ಕೂರಬೇಕು.

ಮಾರ್ಚ್ 13, ಗುರುವಾರ

ಏಳಕ್ಕೆ ಎಚ್ಚರವಾಗಲಿಲ್ಲ. ಒಂಬತ್ತಕ್ಕೆ ಮಾವ ಫೋನ್ ಮಾಡಿದರು — ನಾಳೆ ಸಾಕ್ಸ್ ತೂತಿಲ್ಲದ್ದು ಹಾಕಿಕೊಂಡು ಬಾ, ಅಲ್ಲಿ ಶೂ ಬಿಚ್ಚಿಸುತ್ತಾರೆ. ದನಿಯಲ್ಲಿ ಗಾಬರಿ ಇಲ್ಲ. ಅಮ್ಮನ ಜೊತೆ ಇಸ್ತ್ರಿ, ಸೂಟ್‌ಕೇಸ್, ಓಡಾಟ. ಸಂಜೆ ಪಿಕ್ಚರ್.

ಮಾರ್ಚ್ 14, ಶುಕ್ರವಾರ, ಸಂಜೆ 6 — ಲಾಡ್ಜ್

ಕ್ರಮವಾಗಿ ಬರೆಯುತ್ತೇನೆ.

ಕೌಂಟರ್. ಗುಮಾಸ್ತೆ ನನ್ನ ವಯಸ್ಸಿನವಳೇ. ಕತ್ತಿಗೆ ನಿಜವಾಗಿಯೂ ಸ್ಕಾರ್ಫ್.

"ಏನಾದ್ರೂ ಡಿಕ್ಲೇರ್ ಮಾಡೋದಿದೆಯಾ ಸರ್?"

ಮಾವ ಮುಂದಕ್ಕೆ ಬಾಗಿದರು. "ನಮ್ಮ ಜೊತೆ ಅಜ್ಜಿ ಇದ್ದಾರೆ."

"ವೀಲ್‌ಚೇರ್ ಬೇಕಾ ಸರ್?"

"ಬೇಡಮ್ಮ. ಪೆಟ್ಟಿಗೇಲಿದ್ದಾರೆ."

ಹುಡುಗಿಯ ಮುಖ ಇಳಿಯಿತು. ದನಿ ತಗ್ಗಿಸಿದಳು. "ಓ... ಸಾರಿ ಸರ್. ಅದಕ್ಕೆ ಕಾರ್ಗೋ ಕಡೆ ಬೇರೆ ಆಫೀಸಿದೆ. ಯಾವಾಗ ಆಗಿದ್ದು?"

"ಏನು ಆಗಿದ್ದು? ಹೊಟ್ಟೆ ಖಾಲಿ ಇದೆ, ಅಷ್ಟೇ. ಮೊಮ್ಮಕ್ಕಳು ಬೇರೆ ಡಬ್ಬೀಲಿದ್ದಾರೆ. ಇನ್ನೂರೈವತ್ತು."

ನಾನು ಟ್ರಾಲಿಯ ಮೇಲೆ ಬಿದ್ದು ನಗುತ್ತಿದ್ದೆ. ಅಕ್ಕ ಮಾವನನ್ನು ಪಕ್ಕಕ್ಕೆ ಸರಿಸಿದಳು. "ಪಿಸ್ತೂಲು. ಸ್ಪರ್ಧೆಗೆ. ಗುಂಡುಗಳೂ ಇವೆ. ಲೈಸೆನ್ಸ್ ತಗೊಳ್ಳಿ."

"ಅಷ್ಟೇನಾ ಮೇಡಂ," ಎಂದು ಹುಡುಗಿ ಒಂದು ಫಾರಂ ತೆಗೆದಳು. ಹಿಂದೆ ನಿಂತಿದ್ದವನು ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ. ಹತ್ತು ದಿನದ ಗುಪ್ತಚರ್ಯೆ, ಒಂದು ಫಾರಂ.

ಸೆಕ್ಯುರಿಟಿಯವನೊಬ್ಬ ಬಂದು ಡಬ್ಬಿಗಳನ್ನು ತೆಗೆಸಿದ. ಐದನೆಯದರಲ್ಲಿ ಒಂದು ತೂತು ಖಾಲಿ.

"ಇನ್ನೂರ ನಲವತ್ತೊಂಬತ್ತು ಸರ್."

"ಸಾಧ್ಯವೇ ಇಲ್ಲ. ನಾನು ಎಣಿಸಿದೀನಿ."

"ನೀವೇ ನೋಡಿ."

ಮಾವ ಬೆರಳಿಟ್ಟು ನೋಡಿದರು. ಹಲ್ಲು ಬಿದ್ದ ಜಾಗವನ್ನು ಮಗು ಮುಟ್ಟಿ ನೋಡುವ ಹಾಗೆ. ಅಂಕಿ ಹೊಡೆದು, 249 ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. ಇಪ್ಪತ್ತೆರಡು ವರ್ಷದ ಕಾರ್ಯದರ್ಶಿಗೆ ಎಣಿಸಲು ಬರುವುದಿಲ್ಲ ಎಂಬುದು ದಾಖಲಾಯಿತು. ಸೂಟ್‌ಕೇಸ್ ಬೆಲ್ಟಿನ ಮೇಲೆ ತೇಲುತ್ತಾ ಹೋಯಿತು.

ಎಕ್ಸ್-ರೇಗೆ ಇನ್ನೂ ಹದಿನೈದು ನಿಮಿಷದ ಕ್ಯೂ ಇತ್ತು.

ಅಲ್ಲಿ ಮಾವನ ಬ್ಯಾಗು ನಿಂತಿತು. ಅಧಿಕಾರಿ ಕನ್ನಡಕದ ಡಬ್ಬಿ ತೆಗೆದ. ಅದು ಸ್ಪೇರ್ ಕನ್ನಡಕದ್ದಂತೆ. ತಿಂಗಳುಗಟ್ಟಲೆ ತೆಗೆಯುವುದೇ ಇಲ್ಲವಂತೆ. ನನಗೇನು ಗೊತ್ತು. ಬಟ್ಟೆಯ ಮಡಿಕೆಯಿಂದ ಕಡೇ ಮೊಮ್ಮಗ ಉರುಳಿ ಟ್ರೇಗೆ ಬಿದ್ದ. ಟಿಣ್ ಅಂತ.

"ಇದೇನ್ ಸರ್?"

ಮಾವ ದಾರದ ಕನ್ನಡಕ ಏರಿಸಿಕೊಂಡರು. ನೋಡಿದರು. ಬಹಳ ಹೊತ್ತು. ನನ್ನ ಕಡೆ ತಿರುಗಲಿಲ್ಲ.

"ನಂದೇ. ನನ್ನ ಅಜಾಗರೂಕತೆ."

"ಮತ್ತೆ ಈ ಮೀಸೆ?"

"ನಾನೇ ಬರ್ಕೊಂಡೆ. ಗುರುತಿಗೆ."

ಅಧಿಕಾರಿ ಇನ್ನೊಬ್ಬನನ್ನು ಕರೆದು ತೋರಿಸಿದ. ಇಬ್ಬರೂ ನಕ್ಕರು. ಆದರೆ ಬಿಡಲಿಲ್ಲ. ಬ್ಯಾಗು, ಮೂಲ ಲೈಸೆನ್ಸು, ಮಾವ, ಎಲ್ಲವೂ ಒಂದು ಗಾಜಿನ ಕೋಣೆಗೆ.

"ನೀನು ಹೋಗಮ್ಮ, ವಿಮಾನ ಕಾಯಲ್ಲ," ಎಂದರು ಅಕ್ಕನಿಗೆ. ಆಮೇಲೆ ನನಗೆ, "ಚೇಷ್ಟೆ, ಮೂರನೇ ಸೆಟ್ ನಿನ್ನ ಹತ್ರ ಇದೆಯಲ್ಲ?"

ಇತ್ತು. ಇಳಿದಾಗ ಕೆಲಸಕ್ಕೆ ಬಂದದ್ದು ಅದೊಂದೇ. ಲಗೇಜಿನ ಸೆಟ್ಟು ಪಿಸ್ತೂಲಿನ ಜೊತೆಯೇ ಆ ಊರಿನ ಏರ್‌ಪೋರ್ಟಿನವರ ಬೀಗದೊಳಗೆ. ಪಿಸ್ತೂಲು ಬಿಡಿಸಿಕೊಳ್ಳಲು ಹೋದರೆ, ಲೈಸೆನ್ಸ್ ಪ್ರತಿ ನೋಡಿದ ಅಧಿಕಾರಿ ಅಕ್ಕನ ಮುಖ ನೋಡಿದ, ಮತ್ತೆ ಹಾಳೆ ನೋಡಿದ. ನನ್ನ ಭವ್ಯ ಮೀಸೆ. ಅಕ್ಕ ಕಣ್ಣು ಮುಚ್ಚಿಕೊಂಡಳು. ಎಲ್ಲ ಮುಗಿಯಿತು ಎಂದುಕೊಂಡೆ.

ಅಧಿಕಾರಿ ಹಾಳೆಯ ಅಂಚನ್ನು ಗಟ್ಟಿಯಾಗಿ ಓದಿದ. ಇರುವೆ ಸಾಲಿನಂಥ ಅಕ್ಷರ. "ಮೇಲ್ಕಂಡ ಮೀಸೆಯು ಭಾವಚಿತ್ರದ ಭಾಗವಲ್ಲ. ಲೈಸೆನ್ಸುದಾರರ ತಂಗಿ ಬರೆದದ್ದು. ಪರಿಶೀಲಿಸಿ ದೃಢೀಕರಿಸಿದೆ." ಕೆಳಗೆ ಮಾವನ ಸಹಿ, ತಾರೀಖು, ರೇಂಜಿನ ಮೊಹರು.

ಎಂಟನೇ ತಾರೀಖೇ ನೋಡಿದ್ದರು. ಮುದುಕ.

ರೇಂಜಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು, ನಗುತ್ತಲೇ ಪಿಸ್ತೂಲು ಕೊಟ್ಟ.

ಮಾರ್ಚ್ 15, ಶನಿವಾರ

ಅಕ್ಕ ಮೂರನೆಯವಳು. ಆಯ್ಕೆಯಾದಳು.

ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಫೋಟೋ ತೆಗೆಯಲು ಹೋದೆ, ಕೈ ಅಡ್ಡ ಹಿಡಿದಳು. ಮಾವನಿಗೆ ಫೋನ್ ಮಾಡಿ "ಮೂರು" ಎಂದಳು, ಅಷ್ಟೇ. ಆ ಕಡೆಯಿಂದ ಏನು ಹೇಳಿದರೋ, ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಗೆದ್ದವರು ಅಳುವುದು ನನಗೆ ಅರ್ಥವಾಗುವುದಿಲ್ಲ.

ಮಾವನನ್ನು ನಿನ್ನೆ ಸಂಜೆಯೇ ಬಿಟ್ಟಿದ್ದರಂತೆ. ಹೇಳಿಕೆ ಬರೆಸಿಕೊಂಡು. ರೇಂಜಿಗೂ ಒಂದು ಪ್ರತಿ ಹೋಗಿದೆಯಂತೆ.

ಮಾರ್ಚ್ 20, ಗುರುವಾರ

ರೇಂಜಿನ ಸಮಿತಿ ನಾಳೆ ನಾಲ್ಕಕ್ಕೆ ಸೇರುತ್ತದೆ. ಕನ್ನಡಕದ ಡಬ್ಬಿಯಲ್ಲಿ ಗುಂಡು ಇಟ್ಟುಕೊಂಡು ಮರೆಯುವವನ ಕೈಯಲ್ಲಿ ಶಸ್ತ್ರಾಗಾರದ ಬೀಗದಕೈ ಇರಬಾರದಂತೆ. ಸಮಿತಿಯಲ್ಲಿರುವುದು ಏಳು ಜನ ಪೆದ್ದರು. ಮಾವ ಅಂಟಿಸಿದ ಸುತ್ತೋಲೆ ಇಲ್ಲದಿದ್ದರೆ ಒಬ್ಬೊಬ್ಬರೂ ಇಷ್ಟು ಹೊತ್ತಿಗೆ ತಮ್ಮ ಕಾಲಿಗೇ ಗುಂಡು ಹೊಡೆದುಕೊಂಡಿರುತ್ತಿದ್ದರು.

ಮಾವ ಕರೆಸಿದ್ದರು. ಹೋದೆ. ರಾಜೀನಾಮೆ ಪತ್ರ ಬರೆದಿಟ್ಟಿದ್ದರು. ಮೂರು ಪ್ರತಿ.

"ಸಾಕ್ಷಿ ಅಂತ ಇಲ್ಲೊಂದು ಸಹಿ ಹಾಕು."

"ನಾನೇ ಯಾಕೆ ಮಾವ?"

"ಇನ್ಯಾರಿದ್ದಾರೆ?"

"ನನ್ನ ಅಜಾಗರೂಕತೆಯಿಂದ" ಎಂಬ ಸಾಲಿನ ಕೆಳಗೆ, ಎಂದಿನ ಹಾಗೆ, ಸ್ಕೇಲಿಟ್ಟು ಗೆರೆ. ಮೂರು ಕಡೆಯೂ ಸಹಿ ಹಾಕಿದೆ. ಅಕ್ಷರ ಚೆನ್ನಾಗಿಯೇ ಬಂತು.

ಬೀಗದಕೈಗಳನ್ನು ಒಂದೊಂದಾಗಿ ಒರೆಸಿ ಕವರಿಗೆ ಹಾಕುತ್ತಿದ್ದರು. ತಲೆ ಎತ್ತದೆ, "ಈ ಸಲ ಎಡಗಡೆ ಸುರುಳಿ ಜಾಸ್ತಿ ಆಗಿತ್ತು ಕಣೇ," ಎಂದರು.

"ಯಾವುದರದ್ದು ಮಾವ?"

ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಖಾಲಿ ತೂತನ್ನು ನೋಡಿದ ಹಾಗೆ ನೋಡಿದರು.

"ಚಹಾ ಕುಡಿದು ಹೋಗು," ಎಂದರು.

ಮಾರ್ಚ್ 21, ಶುಕ್ರವಾರ, ಮಧ್ಯಾಹ್ನ 3

ಕರಡು. ಅಖಿಲ ಲಕ್ಷ್ಯಭೇದ ಪ್ರವೀಣರೂ ಸಪ್ತಪೆದ್ದಮಂಡಲಾಧೀಶ್ವರರೂ ಆದ ಸಮಿತಿಯ ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಮೀಸೆಗಳ ಏಕಮಾತ್ರ ಕರ್ತೃವಾದ—

ಹೊಡೆದುಹಾಕಿದೆ. ಮೂರನೇ ಸಲ.

ಅಕ್ಕ ರೇಂಜಿಗೆ ಹೋಗಲು ಕೆಳಗೆ ಟ್ಯಾಕ್ಸಿ ಕರೆದಿದ್ದಾಳೆ. ನನ್ನನ್ನು ಕರೆದಿಲ್ಲ. ಅದರ ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದಾಳೆ.

ಇಲ್ಲಿ ಯಾರೂ ಓದುವುದಿಲ್ಲ, ಇಲ್ಲಾದರೂ ನೆಟ್ಟಗೆ ಬರೆಯಬೇಕು. ಗುಂಡು ಇಟ್ಟದ್ದು ನಾನು, ಅದು ಎಲ್ಲರಿಗೂ ಗೊತ್ತು, ಮೊಟ್ಟೆಗಳಿಗೂ ಗೊತ್ತು. ಗುರುವಾರ ಮರೆತದ್ದೂ ನಿಜ. ಆದರೆ ಕೌಂಟರ್‌ನಲ್ಲಿ ಆ ಖಾಲಿ ತೂತು ಕಂಡ ಕೂಡಲೇ ನೆನಪಾಗಿತ್ತು. ಹದಿನೈದು ನಿಮಿಷ ಕ್ಯೂನಲ್ಲಿ ಮಾವನ ಹಿಂದೆಯೇ ನಿಂತಿದ್ದೆ. ಬ್ಯಾಗು ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಾಲ್ಕೇ ಪದ. ಮಾವಾ, ಕನ್ನಡಕದ ಡಬ್ಬಿ ನೋಡು. ನಾಲಿಗೆಯ ತುದಿಯಲ್ಲಿತ್ತು. ನಗು ತಡೆದುಕೊಳ್ಳುತ್ತಿದ್ದೆ ಎಂದು ಅಕ್ಕನಿಗೆ ಹೇಳಿದ್ದೇನೆ. ನಗು ಬರುತ್ತಿರಲಿಲ್ಲ. ನನಗೆ ಹೆದರಿಕೆ— ಕೆಳಗೆ ಹಾರನ್, ಹೋಗುತ್ತೇನೆ, ಉಳಿದದ್ದನ್ನು ಅಲ್ಲೇ ಬಾಯಿಬಿಟ್ಟು ಹೇಳಬೇಕು.