ಇಶಿದಾ ಓಡಿಹೋಗಲಿಲ್ಲ

೧೩ ನವೆಂಬರ್ ೧೯೯೯, ಶನಿವಾರ. ಸ್ಯಾನ್ ಮಟಿಯೋ

ಒಂದೇ ಒಂದು ಸಾಲಿಗೋಸ್ಕರ ಇವತ್ತು ಮಾಜಿ ಸೈನಿಕರ ಸಂಘದ ಹಾಲ್ ತುಂಬ ಇದ್ದ ಮುದುಕರ ಜೊತೆ ಜಗಳ ಆಡಿದೆ. ಮಾಡಿದ್ದು ಸರಿ.

ಪಕ್ಕದ ಮನೆ ಹಿರಾತಾ ಅಂಕಲ್ ಎರಡನೇ ಮಹಾಯುದ್ಧದಲ್ಲಿದ್ದದ್ದು ಅಮೆರಿಕ ಸೈನ್ಯದ, ಜಪಾನಿ ಮೂಲದವರ ಸ್ವಯಂಸೇವಕ ರೆಜಿಮೆಂಟಿನಲ್ಲಿ. ಅದರ ಚರಿತ್ರೆಯನ್ನು ಸಂಘದ ವೆಬ್‌ಸೈಟಿಗೆ ಹಾಕ್ತಿರೋದು ನಾನು. ಅವರ ಗೆಳೆಯ ಇಶಿದಾ ಇಟಲಿಯ ಗುಡ್ಡದಿಂದ ಓಡಿಹೋದ ಅಂತ ಸಂಘದ ಹಳೇ ಪುಸ್ತಕದಲ್ಲಿದೆ. ಟೈಪ್ ಮಾಡಿ ತೋರಿಸಿದಾಗ ಅಂಕಲ್, "ಅದು ಸುಳ್ಳು, ಇಸ್ಮತ್" ಅಂದ್ರು. ಆ ಸಾಲು ತೆಗೆದುಹಾಕಿದೆ.

ಇವತ್ತು ಸಂಘದ ಸೆಕ್ರೆಟರಿ ಕೇಳಿದ್ರು, "ಪುಸ್ತಕದಲ್ಲಿದ್ದ ಸಾಲು ಯಾಕೆ ತೆಗೆದೆ? ಮೈಸೂರಿನವಳಿಗೆ ನಮ್ಮ ಯುದ್ಧದ ಬಗ್ಗೆ ಏನು ಗೊತ್ತು?"

"ನನಗೆ ಗೊತ್ತಿಲ್ಲ. ಇವರಿಗೆ ಗೊತ್ತು, ಕೇಳಿ" ಅಂತ ಪಕ್ಕದಲ್ಲಿದ್ದ ಅಂಕಲ್‌ನ ತೋರಿಸಿದೆ.

ಐವತ್ತೈದು ವರ್ಷ ಬಾಯಿ ಬಿಡದ ಅಂಕಲ್ ಕೋಲೂರಿಕೊಂಡು ಎದ್ದರು. "ಗುಂಡು ತಗುಲಿದ್ದ ನನ್ನನ್ನು ಇಶಿದಾ ಹೊತ್ಕೊಂಡು ಕೆಳಗೆ ತಂದ. ನನ್ನ ತಮ್ಮ ಇನ್ನೂ ಮೇಲಿದ್ದಾನೆ ಅಂತ ನಾನೇ ವಾಪಸ್ ಕಳಿಸಿದೆ. ಇಬ್ಬರೂ ಬರಲಿಲ್ಲ. ಕಳಿಸಿದ್ದು ನಾನು ಅಂತ ಹೇಳೋ ಧೈರ್ಯ ನನಗೆ ಬರಲಿಲ್ಲ."

ಹಿಂದೆ ಕೂತಿದ್ದ ಇಶಿದಾನ ತಂಗಿ ಎದ್ದು ಬಂದು ಅವರ ಕೈ ಹಿಡ್ಕೊಂಡರು. "ನೀವು ಹೇಳದಿದ್ರೂ ಹೋಗ್ತಿದ್ದ. ನಮ್ಮಣ್ಣ ಹಾಗೇ."

ಕೊನೆಗೆ ಸೆಕ್ರೆಟರಿಯೇ ಹತ್ತಿರ ಬಂದು, ಇಶಿದಾ ಹೆಸರಿನ ಸ್ಪೆಲ್ಲಿಂಗು ಸರಿಯಾಗಿ ನೋಡ್ಕೊಳ್ಳಿ ಅಂದ್ರು. ನೋಡ್ಕೊಂಡು, ನಡೆದದ್ದನ್ನು ನಡೆದ ಹಾಗೇ ಬರೆದು ಈಗಷ್ಟೇ ಅಪ್‌ಲೋಡ್ ಮಾಡಿದೆ. ಕಣ್ಣು ಎಳೀತಿದೆ. ಆದರೂ ಇನ್ನೊಂದು ಸಲ ಓದಿ ಮಲಗ್ತೀನಿ.