ಮಂಜಿನಲ್ಲಿ ರಿವರ್ಸ್

ಮಂಗಳವಾರ, ನವೆಂಬರ್ ೧೨

ಪ್ರವಾಸ ಹೊರಟು ಐದು ದಿನವಾಯಿತು, ಸಮುದ್ರ ಎಲ್ಲಿದೆಯೋ ಆ ದೇವರಿಗೇ ಗೊತ್ತು. ಬರೀ ಮಂಜು. ಆದರೂ ನಮ್ಮ ಯಜಮಾನರು ತಿರುವಿಗೊಮ್ಮೆ ಬಾಡಿಗೆ ಕ್ಯಾರವಾನ್ ನಿಲ್ಲಿಸಿ, "ಆಹಾ, ಏನು ನೋಟ ಕಣೇ!" ಎನ್ನುತ್ತಾರೆ. ಕಾಣುವುದು ಕಸದ ಡಬ್ಬಿ.

ರಾತ್ರಿ ನಿಲ್ಲಿಸುವಾಗ ಹಿಂಬದಿಯ, ಮಲಗುವ ಕಡೆಯ ಕಿಟಕಿ ಸಮುದ್ರಕ್ಕೇ ಮುಖ ಮಾಡಿರಬೇಕು. ಇವರಿಗೆ ರಿವರ್ಸ್ ತೆಗೆಯಲು ಬರುವುದಿಲ್ಲ, ಕೇಳಿದರೆ ಕನ್ನಡಿ ಸರಿಯಿಲ್ಲವಂತೆ. ಕುಣಿಯಲಾರದವಳಿಗೆ ನೆಲ ಡೊಂಕು. ಹಾಗಾಗಿ ನಾನು ಇಳಿದು, ಹಿಂದೆ ನಿಂತು, "ಬನ್ನಿ, ಬನ್ನಿ" ಎಂದು ಕೂಗಬೇಕು. ಮೂವತ್ತು ವರ್ಷ "ನಿನಗೇನು ಗೊತ್ತಾಗುತ್ತೆ, ಸುಮ್ನಿರು" ಎಂದ ಮನುಷ್ಯ ಈಗ ನನ್ನ ದನಿಯನ್ನೇ ನಂಬಿ ಹಿಂದಕ್ಕೆ ಬರುತ್ತಾರೆ.

ಬೆಳಿಗ್ಗೆ ಕಾಫಿ ಚೆಲ್ಲಿದ್ದಕ್ಕೆ ಪಕ್ಕದ ಗಾಡಿಯವರ ಎದುರು, "ಇವಳ ತಲೇಲಿ ಬರೀ ಸಗಣಿ" ಎಂದು ನಕ್ಕಿದ್ದರು.

ಸಂಜೆ ನಿಲ್ಲಿಸುವ ಜಾಗದಲ್ಲಿ ತಡೆಗೋಡೆ ಮುರಿದಿತ್ತು. ಅದರಾಚೆ ನೆಲವಿಲ್ಲ, ಅಲೆಯ ಸದ್ದು ಮಾತ್ರ. "ನಿಲ್ಸಿ" ಅನ್ನಬೇಕಿತ್ತು. ಅನ್ನಲಿಲ್ಲ. ಪಕ್ಕಕ್ಕೆ ಸರಿದು ನಿಂತೆ.

ಗಾಡಿ ತಾನಾಗಿಯೇ ನಿಂತಿತು. ಇಳಿದು ಓಡಿ ಬಂದರು, ಒಂದೇ ಕಾಲಲ್ಲಿ ಚಪ್ಪಲಿ. "ಕೂಗ್ತಾನೇ ಇಲ್ವಲ್ಲೇ, ನೀನು ಬಿದ್ದೇಹೋದೆ ಅಂದ್ಕೊಂಡೆ!"

"ಗಂಟಲು ಕಟ್ಟಿತ್ತು" ಎಂದೆ. ನಂಬಿದರು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಲು ಕೊಟ್ಟರು. ಉಪ್ಪು ಜಾಸ್ತಿ, ಅದೂ ಬರುವುದಿಲ್ಲ. ಆದರೂ ಅಷ್ಟನ್ನೂ ಮುಕ್ಕಳಿಸಿ ಉಗಿದೆ.

ಈಗ ಗೊರಕೆ. ಪೆದ್ದ. ನಾಳೆ ನಿಲ್ಲಿಸುವುದು ಇನ್ನೂ ಎತ್ತರದ ಬಂಡೆಯ ಮೇಲಂತೆ. "ಅಷ್ಟೊತ್ತಿಗೆ ನಿನ್ನ ಗಂಟಲು ಸರಿಹೋಗಿರುತ್ತೆ ಬಿಡು" ಎಂದು ಹೇಳಿ ಮಲಗಿದರು.