ಇಬ್ಬರ ಚಾಪೆ

ಮಂಗಳವಾರ, ಸಂಜೆ ಆರೂವರೆ

ಮಗಳೇ,

ಹಿರಿಯರೆಲ್ಲ ಈಗಷ್ಟೇ ಮನೆಗೆ ಹೋದರು. ಬೆಳಿಗ್ಗೆಯಿಂದ ಸಮುದಾಯ ಭವನದಲ್ಲಿ ನಮ್ಮ ಬಾವಿಯ ತಕರಾರೇ ನಡೆಯಿತು. ಪರೀಕ್ಷೆ ಬಿಟ್ಟು ಬರಬೇಡ ಎಂದು ನಿನ್ನನ್ನು ತಡೆದವಳು ನಾನು; ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಜನರ ಹಳೆಯ ನ್ಯಾಯಪದ್ಧತಿ ಮತ್ತೆ ನಡೆಯಬೇಕೆಂದು ನೀನು ವರ್ಷಗಟ್ಟಲೆ ಓದಿದೆ, ಕಚೇರಿಗಳಿಗೆ ಅಲೆದೆ. ಒಂದು ಜಗಳ ತೀರಿಸಿ ತೋರಿಸಿ, ಆಮೇಲೆ ಮಾನ್ಯತೆ ಎಂದರು ಅವರು. ಆ ಜಗಳ ನಮ್ಮ ಮನೆಯದೇ ಆಯಿತು. ನಿಮ್ಮಪ್ಪ ತೀರಿಕೊಂಡ ತಿಂಗಳಲ್ಲೇ ನಿನ್ನ ಚಿಕ್ಕಪ್ಪ ಬಾವಿ ತನ್ನೊಬ್ಬನದು ಎಂದು ಹಗ್ಗ ಬಿಚ್ಚಿಕೊಂಡು ಹೋದದ್ದು ನಿನಗೆ ಗೊತ್ತೇ ಇದೆ.

ನ್ಯಾಯದ ಚಾಪೆಯನ್ನು ಯಾವಾಗಲೂ ನಿಮ್ಮಪ್ಪ ಹಾಸುತ್ತಿದ್ದರು. ಇವತ್ತು ನಾನೇ ಹಾಸಿದೆ. ಇಬ್ಬರು ಕೂತರೆ ಮೊಣಕಾಲು ತಾಗುವಷ್ಟು ಚಿಕ್ಕದು ಅದು. ಇಬ್ಬರೂ ಒಪ್ಪಿ ಒಟ್ಟಿಗೆ ಎದ್ದರೆ ನ್ಯಾಯ. ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಕಾಯಬೇಕು. ಅವರೂ ಎದ್ದರೆ ಮುಗಿಯಿತು, ಆ ಜಗಳವನ್ನು ನಮ್ಮವರು ಮತ್ತೆ ಮುಟ್ಟುವುದಿಲ್ಲ. ಚಿಕ್ಕಪ್ಪ ಕಾಲು ಮುದುರಿಕೊಂಡೇ ಕೂತ. ಪಕ್ಕದಿಂದ ನೋಡಿದರೆ ಥೇಟ್ ನಿಮ್ಮಪ್ಪ. ನಾನು ಗೋಡೆ ನೋಡಿಕೊಂಡು ಮಾತಾಡಿದೆ.

ಮಧ್ಯಾಹ್ನ ಕಳೆದ ಮೇಲೆ, ಕಚೇರಿಯಿಂದ ನ್ಯಾಯ ನೋಡಲು ಬಂದಿದ್ದ ಅಧಿಕಾರಿ ಗಡಿಯಾರ ನೋಡಿ, ಇನ್ನೆಷ್ಟು ಹೊತ್ತಾಗುತ್ತೆ ಎಂದು ಕೇಳಿದರು. "ಸೊಂಟ ಹಿಡ್ಕೊಳ್ಳೋವರೆಗೂ ಸಾರ್. ರಾಜಿ ಮಾಡ್ಸೋದು ನಾವಲ್ಲ, ಸೊಂಟ" ಎಂದರು ಹಿರಿಯಜ್ಜ. ಚಿಕ್ಕಪ್ಪನೂ ನಕ್ಕ. ನಗುವಾಗ ಅವನ ಮೊಣಕಾಲು ನನಗೆ ತಾಗಿತು, ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನೇನು ಆಗಿಹೋಯಿತು ಅಂದುಕೊಂಡೆ.

ಆಗ ಅಧಿಕಾರಿ, ಪಾಪ, ಒಳ್ಳೆಯದಕ್ಕೇ ಹೇಳಿದರು: ಇಲ್ಲಿ ಆಗದಿದ್ದರೆ ಚಿಂತೆಯಿಲ್ಲ, ಕೋರ್ಟು ಇದ್ದೇ ಇದೆ. ಚಿಕ್ಕಪ್ಪ ಎದ್ದ. "ಬಿಡಿ ಅತ್ತಿಗೆ, ಅಲ್ಲಿ ಕೂರೋಕೆ ಬೆಂಚಾದ್ರೂ ಇರುತ್ತೆ" ಎಂದವನು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ಅಧಿಕಾರಿ, ತೀರ್ಮಾನವಾಗಿಲ್ಲ ಎಂದು ಬರೆದುಕೊಂಡರು. ಇನ್ನೊಂದು ಅವಕಾಶ ಕೊಡುವುದಿಲ್ಲವಂತೆ. ನೀನು ಮನಸ್ಸಿಗೆ ಹಚ್ಚಿಕೊಂಡು ಊಟ ಬಿಡಬೇಡ. ನಾನು ಚೆನ್ನಾಗಿದ್ದೇನೆ.

ನಿನ್ನ ಅಮ್ಮ

ಮರೆತೆ: ಇದನ್ನು ಚಾಪೆಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಹಿರಿಯಜ್ಜ ಕೈಹಿಡಿದು ಎಬ್ಬಿಸಲು ನೋಡಿದರು, ನಾನು ಏಳಲಿಲ್ಲ. ಹೊರಗೆ ಚಪ್ಪಲಿ ಸದ್ದು ಕೇಳಿದಾಗಲೆಲ್ಲ ಸ್ವಲ್ಪ ಸರಿದು ಜಾಗ ಮಾಡುತ್ತೇನೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಈ ಕೋಣೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಾರೆ.